ನೋಡದವರಿಗೂ ಕಾಣುವ ಹಾಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಹಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು, ಟೀಚರುಗಳ ಜೊತೆ ಇವತ್ತು ನಾಲ್ಕು ಮಾತಾಡಬೇಕು ಅಂತ ಬಂದಿದ್ದೇನೆ. ಐದು, ಆರು, ಏಳನೇ ತರಗತಿಯಲ್ಲಿ ಓದುವ ಮಕ್ಕಳಿರುವ ಮನೆಯವರೂ ದಯವಿಟ್ಟು ಕೇಳಿ.

ಹಸುವಿನ ಬಗ್ಗೆ ಬರೆ ಅಂದರೆ ನಮ್ಮ ಮಕ್ಕಳು ಏನು ಬರೆಯುತ್ತಾರೆ? 'ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ ಇದೆ. ಹಸು ನಮಗೆ ಹಾಲು ಕೊಡುತ್ತದೆ.' ಸಾಗರದ ಹುಡುಗಿ ಬರೆಯುವುದೂ ಇದನ್ನೇ, ಬೀದರಿನ ಹುಡುಗ ಬರೆಯುವುದೂ ಇದನ್ನೇ. ಆದರೆ ಅವರು ನೋಡಿ ಬೆಳೆಯುವ ಹಸು ಒಂದೇ ಥರದ್ದಲ್ಲ. ಸಾಗರದ ಕಡೆಯದು ಮಲೆನಾಡು ಗಿಡ್ಡ, ಏಳನೇ ತರಗತಿಯ ಹುಡುಗಿಯ ಎದೆಮಟ್ಟಕ್ಕೆ ಬಂದರೆ ಹೆಚ್ಚು. ಬೀದರಿನ ದೇವಣಿಗೆ ಬಿಳಿ ಮೈಮೇಲೆ ಕಪ್ಪು ಮಚ್ಚೆ, ಜೋತುಬಿದ್ದ ಕಿವಿ. ತುಮಕೂರಿನ ಕಡೆ ಹೋದರೆ ಬೂದು ಮೈಯ ಹಳ್ಳಿಕಾರ್. ಅದರ ಉದ್ದನೆಯ ಕೊಂಬುಗಳು ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿರುತ್ತವೆ. ಇನ್ನು ಡೇರಿಗೆ ಹಾಲು ಹಾಕುವ ಮನೆಗಳ ಎಚ್.ಎಫ್. ಅನ್ನುವ ವಿದೇಶಿ ತಳಿಯ ಹಸುವಿಗೆ ಎಷ್ಟೋ ಸಲ ಕೊಂಬೇ ಇರುವುದಿಲ್ಲ, ಕರುವಾಗಿದ್ದಾಗಲೇ ಸುಟ್ಟಿರುತ್ತಾರೆ. ಬೆಳಿಗ್ಗೆ ಆ ಕೊಂಬಿಲ್ಲದ ಹಸುವಿಗೆ ಮೇವು ಹಾಕಿ ಬಂದ ಮಗು, ಶಾಲೆಯಲ್ಲಿ ಕೂತು 'ಹಸುವಿಗೆ ಎರಡು ಕೊಂಬುಗಳಿವೆ' ಅಂತ ಬರೆಯುತ್ತದೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ಮಗುವಿಗೆ ಕಣ್ಣಿದೆ, ಮಾತಿದೆ. ಅವೆರಡನ್ನೂ ಪಕ್ಕಕ್ಕಿಟ್ಟು ಬರೆಯುವುದನ್ನು ನಾವೇ ಅಭ್ಯಾಸ ಮಾಡಿಸಿದ್ದೇವೆ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಬೇಡ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಅದು ಬೇಕು. ಆದರೆ ವರ್ಣನೆ ಅನ್ನುವುದು ಬೇರೆ ಕೆಲಸ. ಆ ವಸ್ತುವನ್ನು ನೋಡದೇ ಇರುವವರಿಗೆ ಅದು ಕಾಣಬೇಕು, ಅಷ್ಟೇ. ಹಾಗಾಗಿ ಬರೆಯುವ ಮಗುವಿಗೆ ಓದುವವರು ಒಬ್ಬರು ಬೇಕು. ತಿದ್ದುವವರಲ್ಲ, ಓದುವವರು.

ಅದಕ್ಕೆ ಒಂದು ಪಾಠ ಹೇಳುತ್ತೇನೆ. ಬೇಕಾಗಿರುವುದು ಸಿಪ್ಪೆ ಸಮೇತ ಇರುವ ಒಂದು ಪಾವು ಕಡಲೆಕಾಯಿ. ಧಾರವಾಡದ ಕಡೆಯವರು ಶೇಂಗಾ ಅನ್ನಿ. ಮಕ್ಕಳನ್ನು ಎಂಟೆಂಟು ಜನರ ಗುಂಪು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಕಾಯಿ ಕೊಡಿ. ಒಡೆಯುವ ಹಾಗಿಲ್ಲ, ತಿನ್ನುವ ಹಾಗಿಲ್ಲ! ಐದು ನಿಮಿಷ ಸುಮ್ನೆ ನೋಡಲಿ. ತಿರುಗಿಸಲಿ, ಮೂಸಲಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಲಿ. ಆಮೇಲೆ ಐದಾರು ಸಾಲು ಬರೆಯಲಿ. ಬರೆದಾದ ಮೇಲೆ ಗುಂಪಿನ ಎಂಟೂ ಕಾಯಿಗಳನ್ನು ಒಟ್ಟಿಗೆ ಹಾಕಿ ಕಲಸಿಬಿಡಿ. ಪುಸ್ತಕಗಳನ್ನು ಅದಲುಬದಲು ಮಾಡಿ. ಈಗ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಆ ಕಾಯಿ ಯಾವುದು ಅಂತ ಹುಡುಕಿ ತೆಗೆಯಬೇಕು.

'ನನ್ನ ಕಡಲೆಕಾಯಿ ಕಂದು ಬಣ್ಣ ಇದೆ, ಎರಡು ಬೀಜ ಇದೆ' ಅಂತ ಬರೆದಿದ್ದರೆ ಸಿಗುತ್ತದಾ? ಸಿಗುವುದಿಲ್ಲ. ಎಂಟರಲ್ಲಿ ಆರು ಹಾಗೇ ಇರುತ್ತವೆ. ಗೆಳೆಯ ತಪ್ಪು ಕಾಯಿ ಎತ್ತಿಕೊಂಡಾಗ ಬರೆದವನಿಗೆ ತಡೆಯಲಾಗುವುದಿಲ್ಲ. 'ಅದಲ್ಲ ಕಣೋ, ಇದು! ಇದರ ಮೂತಿ ಗಿಣಿ ಕೊಕ್ಕಿನ ಥರ ಬಾಗಿದೆ ನೋಡು. ಇಲ್ಲಿ ಸೊಂಟದ ಹತ್ತಿರ ಮಣ್ಣು ಹತ್ತಿದೆ. ಒಂದು ಕಡೆ ಗೀರುಗಳು ಬಲೆ ಥರ ಇವೆ, ಇನ್ನೊಂದು ಕಡೆ ಸವೆದುಹೋಗಿದೆ. ಅಲ್ಲಾಡಿಸಿದರೆ ಒಂದೇ ಬೀಜ ಲೊಟಲೊಟ ಅನ್ನುತ್ತೆ.' ಆಗ ನೀವು ಹೇಳಬೇಕಾದ್ದು ಇಷ್ಟೇ: 'ಈಗ ಹೇಳಿದೆಯಲ್ಲ, ಅದನ್ನೇ ಬರಿ.' ಎರಡನೇ ಸಲ ಬರೆದದ್ದನ್ನು ಓದಿ ನೋಡಿ. ಎಷ್ಟು ಬದಲಾಗಿರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ನೀವು ಒಂದು ಸೂತ್ರವನ್ನೂ ಹೇಳಿಕೊಟ್ಟಿರುವುದಿಲ್ಲ. ಪಾಠ ಮುಗಿದ ಮೇಲೆ ಕಡಲೆಕಾಯಿ ತಿನ್ನಲು ಬಿಡಿ, ಅದನ್ನು ಮಾತ್ರ ಮರೆಯಬೇಡಿ.

ಇನ್ನು ಪದಗಳ ವಿಷಯ. ವ್ಯಾಕರಣದಲ್ಲಿ ಸದ್ದನ್ನು ಅನುಕರಿಸುವ ಅನುಕರಣಾವ್ಯಯ, ಒಂದೇ ಮಾತನ್ನು ಎರಡು ಸಲ ಹೇಳುವ ದ್ವಿರುಕ್ತಿ ಅಂತೆಲ್ಲ ಕಲಿಸುತ್ತೇವೆ. ಮಕ್ಕಳು ನಾಲ್ಕು ಉದಾಹರಣೆ ಬಾಯಿಪಾಠ ಮಾಡಿ ಅಂಕ ತೆಗೆದುಕೊಳ್ಳುತ್ತಾರೆ. ಪ್ರಬಂಧದಲ್ಲಿ ಮಾತ್ರ ಅವುಗಳ ಸುಳಿವೇ ಇಲ್ಲ! 'ಜೋರಾಗಿ ಮಳೆ ಬಂತು' ಅಂತ ಬರೆದು ಮುಗಿಸುತ್ತಾರೆ. ಜಿಟಿಜಿಟಿ ಅಂತ ಹಿಡಿದುಕೊಂಡಿತಾ, ಧೋ ಅಂತ ಸುರಿಯಿತಾ, ಪಟಪಟ ನಾಲ್ಕು ಹನಿ ಉದುರಿಸಿ ಹೋಯಿತಾ ಅಂತ ಕೇಳಿ. ಕೆರೆಯ ನಟ್ಟನಡುವೆ, ಮರದ ತುತ್ತತುದಿಯಲ್ಲಿ ಅನ್ನುವ ಮಾತುಗಳನ್ನು ಬಳಸಲು ಬಿಡಿ. ಬಣ್ಣಗಳೂ ಅಷ್ಟೇ. ಅಮ್ಮನ ಜೊತೆ ಸೀರೆ ಅಂಗಡಿಗೆ ಹೋದ ಮಗುವಿಗೆ ಗಿಳಿಹಸಿರು ಬೇರೆ, ಪಾಚಿಹಸಿರು ಬೇರೆ ಅಂತ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಮಾತ್ರ ಎಲ್ಲವೂ ಬರೀ 'ಹಸಿರು'. 'ಸುಂದರ', 'ಮನಮೋಹಕ' ಅಂತ ಬರೆದರೆ ಹೊಡೆದು ಹಾಕಬೇಡಿ. 'ಏನು ನೋಡಿ ಸುಂದರ ಅನ್ನಿಸ್ತು ಮರಿ?' ಅಂತ ಕೇಳಿ. ಅದಕ್ಕೆ ಮಗು ಕೊಡುವ ಉತ್ತರವೇ ವರ್ಣನೆ.

ಮನೆಮಾತಿಗೂ ಜಾಗ ಕೊಡಿ. 'ಸೊಂಟ ಸಣ್ಣ ಐತಿ' ಅಂತ ಮಗು ಬರೆದರೆ, ಮೊದಲು ಅದು ಕಂಡದ್ದನ್ನು ಮೆಚ್ಚಿಕೊಳ್ಳಿ. ಮನೆಯಲ್ಲಿ ಲಂಬಾಣಿ, ತುಳು, ಉರ್ದು ಮಾತಾಡುವ ಮಕ್ಕಳಿಗೆ ಕೆಲವು ಸಲ ಕನ್ನಡದ ಪದ ಹೊಳೆಯುವುದಿಲ್ಲ. ತಮ್ಮ ಪದವನ್ನೇ ಬರೆದಿಡಲಿ, ಆಮೇಲೆ ತರಗತಿಯೆಲ್ಲ ಸೇರಿ ಕನ್ನಡದ ಪದ ಹುಡುಕಲಿ. ಕೆಂಪು ಪೆನ್ನು ಎರಡನೇ ಸಲಕ್ಕೆ ಇರಲಿ. ಒತ್ತಕ್ಷರ, ಕಾಗುಣಿತ ಆಗ ತಿದ್ದಿದರೆ ಸಾಕು.

ರೇಡಿಯೋ ಕೇಳುವವರಿಗೆ ಇದೆಲ್ಲ ಬೇಗ ಅರ್ಥವಾಗುತ್ತದೆ. ಮೈಸೂರಿನ ಜಂಬೂ ಸವಾರಿಯ ವೀಕ್ಷಕ ವಿವರಣೆ ಕೇಳಿದ್ದೀರಲ್ವಾ? ಅಂಬಾರಿಯ ತೂಕ ಸುಮಾರು 750 ಕೆ.ಜಿ. ಅನ್ನುವುದು ಮಾಹಿತಿ. ಆನೆ ಹೇಗೆ ಹೆಜ್ಜೆ ಇಡುತ್ತಿದೆ, ಮಾವುತ ಏನು ಮಾಡುತ್ತಿದ್ದಾನೆ, ಜನ ಎಲ್ಲೆಲ್ಲಿ ಹತ್ತಿ ಕೂತಿದ್ದಾರೆ ಅಂತ ಹೇಳಿದಾಗ ಮೆರವಣಿಗೆ ಕಣ್ಣಿಗೆ ಕಟ್ಟುತ್ತದೆ. ಶಾಲೆಯಲ್ಲೂ ಇದನ್ನು ಆಡಿಸಿ. ಒಬ್ಬ ಹುಡುಗಿ ಕಿಟಕಿ ಹತ್ತಿರ ನಿಂತು ಹೊರಗೆ ಕಾಣುವುದನ್ನು ಹೇಳಲಿ. ಉಳಿದವರು ಕಿಟಕಿಗೆ ಬೆನ್ನು ಹಾಕಿ ಕೂತು, ಕೇಳಿದ್ದನ್ನು ಚಿತ್ರ ಬರೆಯಲಿ. ಬೋರ್‌ವೆಲ್ ಎಡಕ್ಕೋ ಬಲಕ್ಕೋ ಅಂತ ಅವಳು ಹೇಳದೇ ಇದ್ದರೆ ಚಿತ್ರಗಳೇ ಅದನ್ನು ತೋರಿಸಿಕೊಡುತ್ತವೆ. ಮಾತು ಸರಾಗವಾದ ಮೇಲೆ ಬರೆಯುವುದು ಅಷ್ಟು ಕಷ್ಟವಲ್ಲ.

ಕೊನೆಗೆ ಮನೆಯವರಿಗೆ ಒಂದು ಮಾತು. ಸಂಜೆ ಮಗು ಬಂದಾಗ 'ಬಿಸಿಯೂಟಕ್ಕೆ ಏನಿತ್ತು?' ಅಂತ ಕೇಳುತ್ತೀರಿ. 'ಅನ್ನ ಸಾಂಬಾರು' ಅಂತ ಹೇಳಿ ಅದು ಆಡಲು ಓಡುತ್ತದೆ. ಒಂದು ನಿಮಿಷ ನಿಲ್ಲಿಸಿಕೊಂಡು ಇನ್ನೆರಡು ಪ್ರಶ್ನೆ ಕೇಳಿ. ಸಾಂಬಾರು ಗಟ್ಟಿಯಾಗಿತ್ತಾ, ನೀರಾಗಿತ್ತಾ? ಯಾವ ತರಕಾರಿ ಬಾಯಿಗೆ ಸಿಕ್ಕಿತು? ಪಕ್ಕದಲ್ಲಿ ಕೂತವನು ಯಾವುದನ್ನು ತಟ್ಟೆಯ ಅಂಚಿಗೆ ತಳ್ಳಿದ? ಬರೆಸಬೇಕು ಅಂತೇನಿಲ್ಲ. ಪೂರ್ತಿ ಹೇಳುವವರೆಗೆ ಕೇಳಿಸಿಕೊಳ್ಳಿ.

ನಮಸ್ಕಾರ.