ಸಂಜೆ ಒಂದು ಹಿಡಿ ಚಿಪ್ಪು

ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ ಹತ್ತೋ ಹದಿನೈದೋ ಕೋಳಿ ಸಾಕಿಕೊಂಡಿರುವ ಅಕ್ಕ ತಂಗಿಯರೇ, ಇವತ್ತಿನ ಮಾತು ನಿಮ್ಮ ಜೊತೆ. ಸಾವಿರಗಟ್ಟಲೆ ಕೋಳಿ ಇಟ್ಟಿರುವ ಫಾರಂನವರಿಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅವರು ಬೇಕಿದ್ದರೆ ಕೇಳಲಿ, ಇಲ್ಲದಿದ್ದರೆ ಬಿಡಲಿ.

ನಾನು ಹೇಳುವುದು ಒಂದೇ. ಮೊಟ್ಟೆ ಇಡುವ ಕೋಳಿಗೆ ಸಂಜೆ ಹೊತ್ತು ಚಿಪ್ಪಿನ ಚೂರು ಹಾಕಿ. ಕಪ್ಪೆಚಿಪ್ಪು ಇರುತ್ತದಲ್ಲ, ಅದರ ಚೂರು. ಬೆಳಗ್ಗೆ ಅಲ್ಲ, ಸಂಜೆ.

ಯಾಕೆ ಅಂತೀರಾ? ಒಂದು ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿ ತಯಾರಾಗಿ ಹೊರಬರಲು ಸುಮಾರು 25 ಗಂಟೆ ಬೇಕು. ಹಳದಿಯ ಸುತ್ತ ಬಿಳಿ ಸೇರುವುದೆಲ್ಲ ಬೇಗ ಮುಗಿಯುತ್ತದೆ. ಹತ್ತಿರ ಹತ್ತಿರ 20 ಗಂಟೆ ಹೋಗುವುದು ಸಿಪ್ಪೆ ಕಟ್ಟುವುದಕ್ಕೇ. ಅದೂ ಜೋರಾಗಿ ನಡೆಯುವುದು ರಾತ್ರಿ, ಕೋಳಿ ಗೂಡಿನಲ್ಲಿ ತೂಕಡಿಸುತ್ತಾ ಕೂತಿರುವಾಗ. ಒಂದು ಸಿಪ್ಪೆಗೆ 2 ಗ್ರಾಂ ಕ್ಯಾಲ್ಸಿಯಂ ಬೇಕು, ಚಿಪ್ಪಿನಲ್ಲೂ ಗೋಡೆಯ ಸುಣ್ಣದಲ್ಲೂ ಇರುವುದು ಅದೇ. ಗಾರೆ ಮೇಸ್ತ್ರಿ ರಾತ್ರಿ ಪಾಳಿಗೆ ಬರುತ್ತಾನೆ, ನೀವು ಸಿಮೆಂಟು ಬೆಳಗ್ಗೆಯೇ ಖಾಲಿ ಮಾಡಿ ಕೂತಿದ್ದರೆ ಅವನೇನು ಮಾಡಬೇಕು? ಪಾಪ, ಕೋಳಿ ತನ್ನ ಮೂಳೆಯಿಂದಲೇ ತೆಗೆದು ಹಾಕುತ್ತದೆ. ಸ್ವಲ್ಪ ದಿನ ನಡೆಯುತ್ತದೆ. ಆಮೇಲೆ ಸಿಪ್ಪೆ ತೆಳ್ಳಗಾಗುತ್ತದೆ, ಸಿಪ್ಪೆಯೇ ಇಲ್ಲದ ಮೆತ್ತನೆ ಮೊಟ್ಟೆ ಬೀಳುತ್ತದೆ, ಕೋಳಿ ಕಾಲು ಎಳೆಯುತ್ತದೆ, ಕೊನೆಗೆ ಮೊಟ್ಟೆಯೇ ನಿಂತುಹೋಗುತ್ತದೆ.

ತಿಪಟೂರು ಕಡೆ ಒಂದು ತೋಟದ ಮನೆ. ಅಲ್ಲಿದ್ದದ್ದು ಗಿರಿರಾಜ ಕೋಳಿ. ಗೊತ್ತಲ್ಲ, ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ಬೆಳೆಸಿದ ತಳಿ, ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಆ ಮನೆಯಲ್ಲಿ ಬೆಳಗ್ಗೆ ಎದ್ದು ಮಂಕರಿ ನೋಡಿದರೆ ಒದ್ದೆ ಹುಲ್ಲು, ನಾಲ್ಕು ಚೂರು ಸಿಪ್ಪೆ, ಅಷ್ಟೇ. ಮಗ ಮುಂಗುಸಿ ಅಂದ. ಸೊಸೆ, ಪಕ್ಕದ ಮನೆಯವರ ಕಣ್ಣು ಅಂದಳು, ಗೂಡಿನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಯೂ ಆಗಿತ್ತು. ಅಜ್ಜಿಯ ಚಿಂತೆ ಮಾತ್ರ ಬೇರೆ. ಹಬ್ಬಕ್ಕೆ ಅಂತ ಗೋಡೆಗೆ ಸುಣ್ಣ ಬಳಿಸಿದ್ದರು, ಅದನ್ನು ಈ ಹಾಳು ಕೋಳಿಗಳು ಕುಕ್ಕಿ ಕುಕ್ಕಿ ಕೆಡಿಸಿವೆ ಅಂತ ಕಡ್ಡಿಪೊರಕೆ ಹಿಡಿದು ಅಟ್ಟಾಡಿಸುತ್ತಿದ್ದರು.

ನಾನು ಗೂಡು ನೋಡುವ ಮೊದಲು ಗೋಡೆ ನೋಡಿದೆ. ನೆಲದಿಂದ ಒಂದೂವರೆ ಅಡಿ ಎತ್ತರದವರೆಗೆ ಸುಣ್ಣ ಎದ್ದು ಕೆಮ್ಮಣ್ಣು ಕಾಣುತ್ತಿತ್ತು, ಅದರ ಮೇಲೆ ಗೋಡೆ ಹೊಸದಾಗಿ ಬೆಳ್ಳಗೆ. ಕೋಳಿಯ ಕತ್ತು ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಗೆ ಗೆರೆ ಎಳೆದ ಹಾಗೆ. ಒಂದು ಹೇಟೆಯನ್ನು ಹಿಡಿದು ನೋಡಿದರೆ ಕೊಕ್ಕಿನ ತುದಿಯಲ್ಲಿ ಸುಣ್ಣದ ಪುಡಿ. ಇನ್ನೇನು ಬೇಕು ಹೇಳಿ, ಅದು ಬಾಯಿಬಿಟ್ಟು ಕೇಳುತ್ತಿದೆ!

"ಅಜ್ಜಿ, ಇವುಗಳಿಗೆ ಏನು ಹಾಕ್ತೀರಾ?" ಅಂದೆ. "ರಾಗಿ, ಮಿಕ್ಕಿದ ಅನ್ನ. ಇನ್ನೇನು ಸ್ವಾಮಿ, ಬಿರಿಯಾನಿ ಹಾಕ್ಬೇಕಾ?" ಅಂದರು. ಓದಿದ ಮಗ ನಡುವೆ ಬಂದು, "ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಲ್ವಾ ಸಾರ್" ಅಂದ. ಜಾಸ್ತಿಯೇ ಕಣಪ್ಪಾ, ನಮಗೆ. ನೂರು ಗ್ರಾಂ ರಾಗಿಯಲ್ಲಿ ಇರುವುದು ಒಂದು ಗ್ರಾಂನ ಮೂರನೇ ಒಂದು ಭಾಗ. ಕೋಳಿ ಇಡೀ ದಿನ ತಿನ್ನುವುದೇ ನೂರು, ನೂರಿಪ್ಪತ್ತು ಗ್ರಾಂ. ತಿಂದ ಕ್ಯಾಲ್ಸಿಯಂನಲ್ಲಿ ಅರ್ಧದಷ್ಟೇ ಸಿಪ್ಪೆಗೆ ಸೇರುವುದರಿಂದ ಅದಕ್ಕೆ ದಿನಕ್ಕೆ 4 ಗ್ರಾಂ ಬೇಕು. ಲೆಕ್ಕ ನೀನೇ ಹಾಕು ಅಂದೆ, ಸುಮ್ಮನಾದ.

ಮುಂಗುಸಿಯೂ ಇಲ್ಲ, ಕಣ್ಣೂ ಇಲ್ಲ. ತೆಳ್ಳಗಿನ ಸಿಪ್ಪೆ ಮೊಟ್ಟೆ ಕೋಳಿಯ ಕಾಲ ಕೆಳಗೇ ಒಡೆಯುತ್ತಿತ್ತು, ಒಡೆದದ್ದನ್ನು ಅವೇ ತಿನ್ನುತ್ತಿದ್ದವು. ಗೂಡಿನ ಕಂಬಕ್ಕೆ ಒಂದು ಕರಟ ಕಟ್ಟಿಸಿ ಸಾಯಂಕಾಲ ನಾಲ್ಕು ಗಂಟೆಗೆ ಅದರ ತುಂಬ ಚಿಪ್ಪಿನ ಚೂರು ಹಾಕಿಸಿದೆ. ಬರುಬರುತ್ತಾ ಸಿಪ್ಪೆ ಗಟ್ಟಿಯಾಯಿತು. ಮೊಟ್ಟೆ ತಿನ್ನುವ ಚಾಳಿ ಬಿಡಲು ಇನ್ನೂ ಸ್ವಲ್ಪ ದಿನ ಹಿಡಿಯಿತು, ಒಮ್ಮೆ ರುಚಿ ಹತ್ತಿದರೆ ಕಷ್ಟ. ಅಜ್ಜಿ ಮೊಟ್ಟೆ ಬಂತು ಅನ್ನುವುದಕ್ಕಿಂತ ಗೋಡೆ ಉಳಿಯಿತು ಅಂತಲೇ ಖುಷಿಪಟ್ಟರು.

ಕೋಳಿ ಆಹಾರದ ಅಂಗಡಿಯಲ್ಲಿ ಶೆಲ್ ಗ್ರಿಟ್ ಅಂತ ಕೇಳಿ, ಕೊಡುತ್ತಾರೆ. ಕರಾವಳಿಯವರು ಕೊಳ್ಳುವುದೇ ಬೇಡ, ಅಘನಾಶಿನಿ ಅಳಿವೆ ಕಡೆಯವರು ಬಳಚು ತಿಂದು ಚಿಪ್ಪು ಎಸೆಯುತ್ತೀರಲ್ಲ, ಅದನ್ನೇ ತೊಳೆದು ಒಣಗಿಸಿ ಕುಟ್ಟಿ. ರಾಗಿಗಿಂತ ದಪ್ಪ, ಜೋಳದ ಕಾಳಿಗಿಂತ ಸಣ್ಣ ಇರಲಿ. ಹಿಟ್ಟಿನ ಹಾಗೆ ಮಾಡಿದರೆ ಬೇಗ ಇಳಿದುಹೋಗುತ್ತದೆ, ಚೂರಾದರೆ ರಾತ್ರಿಯೆಲ್ಲ ಹೊಟ್ಟೆಯಲ್ಲಿ ನಿಂತು ನಿಧಾನಕ್ಕೆ ಕರಗುತ್ತದೆ. ಕಾಳಿನ ಜೊತೆ ಬೆರೆಸಬೇಡಿ, ಬೇರೆ ಇಡಿ, ಎಷ್ಟು ಬೇಕೋ ಅಷ್ಟು ಕೋಳಿಯೇ ತಿನ್ನುತ್ತದೆ. ಮನೆಯ ಮೊಟ್ಟೆ ಸಿಪ್ಪೆಯೂ ಆಗುತ್ತದೆ, ಆದರೆ ಹುರಿದು, ಮೊಟ್ಟೆ ಅಂತ ಗುರುತೇ ಸಿಗದ ಹಾಗೆ ಪುಡಿ ಮಾಡಿ. ಎಲೆ ಅಡಿಕೆಯ ಸುಣ್ಣ ಹಾಕಬಹುದಾ ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಬೇಡ ಮಾರಾಯ್ರೇ, ಬಾಯಿ ಸುಡುತ್ತದೆ.

ಬೆಳಕು, ನೀರು, ಲಸಿಕೆ ಅಂತ ಇನ್ನೂ ಬರೆದುಕೊಂಡು ಬಂದಿದ್ದೆ, ಹೊರಗಿನಿಂದ ಟೈಮ್ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲು ಹನ್ನೊಂದೂವರೆ ಗಂಟೆ ಮಾತ್ರ, ಕೋಳಿಗೆ ಹದಿನಾಲ್ಕಾದರೂ ಬೆಳಕು ಬೇಕು, ಬೆಳಗಿನ ಜಾವ ಒಂದು ಬಲ್ಬು ಹಾಕಿ. ತಿಂದದ್ದರ ಎರಡರಷ್ಟು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ, ನೆರಳಿನಲ್ಲಿಡಿ. ಕೊಕ್ಕರೆ ರೋಗಕ್ಕೆ ಮರಿಯ ಮೊದಲ ವಾರ ಒಮ್ಮೆ, ಎಂಟನೇ ವಾರದ ಹೊತ್ತಿಗೆ ಇನ್ನೊಮ್ಮೆ ಲಸಿಕೆ ಹಾಕಿಸಿ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಹಾಂ, ಮರಿಗಳ ಮುಂದೆ ಮಾತ್ರ ಚಿಪ್ಪಿನ ಕರಟ ಇಡಬೇಡಿ, ಅವುಗಳ ಮೂತ್ರಪಿಂಡ ಹಾಳಾಗುತ್ತದೆ. ಹೇಟೆಯ ಜುಟ್ಟು ಕೆಂಪಗಾಗಿ ಮೊಟ್ಟೆಗೆ ಜಾಗ ಹುಡುಕಲು ಶುರು ಮಾಡಿತು ಅಂದರೆ ಆಗ ಹಾಕಿ. ನಮಸ್ಕಾರ.