ಫೋರಂ ಅಂದರೆ ಫೋರಂ, ಅಷ್ಟೇ

ನಮಸ್ಕಾರ. ಹೋದ ವಾರದ ವಿಡಿಯೊ ಬಿರಿಯಾನಿ ಬಗ್ಗೆ ಇತ್ತು. 20 ನಿಮಿಷ ಗಂಟಲು ಹರಿದುಕೊಂಡೆ. ಮಧ್ಯೆ ಒಂದೇ ಒಂದು ಸಲ "ಕೋರಮಂಗಲದ ಫೋರಂ ಮಾಲ್ ಹತ್ತಿರ" ಅಂದೆ. ಮುಗಿಯಿತು. ಒಬ್ಬ ಪುಣ್ಯಾತ್ಮ ಕೆಳಗೆ ಬರೆದಿದ್ದಾನೆ: "ಸರ್, ಅದು ಫೋರಂ ಅಲ್ಲ, ನೆಕ್ಸಸ್. ಅಪ್‌ಡೇಟ್ ಆಗಿ." ಅದಕ್ಕೆ 40 ಲೈಕು! ಬಿರಿಯಾನಿ ಬಗ್ಗೆ ಒಬ್ಬನೂ ತುಟಿ ಬಿಚ್ಚಿಲ್ಲ.

ಅಪ್‌ಡೇಟ್ ಆಗೋಕೆ ನಾನೇನು ಫೋನಾ?

ಕಥೆ ನನಗೂ ಗೊತ್ತು ಸ್ವಾಮಿ. ಬಿಲ್ಡರ್ ಪ್ರೆಸ್ಟೀಜ್‌ನವರ ಮಾಲ್, 2004ರಲ್ಲಿ ಶುರುವಾಯಿತು. 2021ರಲ್ಲಿ ಬ್ಲ್ಯಾಕ್‌ಸ್ಟೋನ್ ಅನ್ನೋ ಅಮೆರಿಕದ ಹೂಡಿಕೆ ಕಂಪನಿ ಕೈಗೆ ಹೋಯಿತು. ಫೋರಂ ಅನ್ನೋ ಹೆಸರು ಮಾತ್ರ ಪ್ರೆಸ್ಟೀಜ್ ಹತ್ತಿರವೇ ಉಳಿಯಿತು. ಹಾಗಾಗಿ 2022ರಲ್ಲಿ ಹೊಸ ಬೋರ್ಡು. ವೈಟ್‌ಫೀಲ್ಡ್‌ನಲ್ಲೂ ಅದೇ, ಮೈಸೂರಿನ ಸೆಂಟರ್ ಸಿಟಿಯಲ್ಲೂ ಅದೇ. ಎಲ್ಲಾ ನೆಕ್ಸಸ್.

ನಮ್ಮ ಚಿಕ್ಕಮ್ಮನ ಹೆಸರನ್ನೂ ಮದುವೆಯಲ್ಲಿ ಬದಲಾಯಿಸಿದ್ದರು. ತಟ್ಟೆಯ ಅಕ್ಕಿಯಲ್ಲಿ ಉಂಗುರ ಹಿಡಿದು ಹೊಸ ಹೆಸರು ಬರೆಸಿದರು. 40 ವರ್ಷ ಆಯಿತು. ತವರಿನಲ್ಲಿ ಅವಳು ಇವತ್ತಿಗೂ ಪುಟ್ಟಿ. ಆಸ್ತಿ ಪತ್ರದಲ್ಲಿ ಏನಾದರೂ ಇರಲಿ, ಕೂಗುವ ಹೆಸರು ಕೂಗುವವರದು.

"ಹಳೇ ಮಾಲ್‌ಗೆ ರಿನೊವೇಶನ್ ಬೇಡವಾ?" ಅಂತ ಇನ್ನೊಬ್ಬರು. ಬೇಡ ಅಂದವರು ಯಾರು? 20 ವರ್ಷದ ಕಟ್ಟಡ. ಎಸ್ಕಲೇಟರ್ ಬದಲಾಯಿಸಿ, ಶೌಚಾಲಯ ಚೆಂದ ಮಾಡಿ, ಫುಡ್ ಕೋರ್ಟಿಗೆ ಹೊಸ ಕುರ್ಚಿ ಹಾಕಿ. ಹಬ್ಬ ಬಂದರೆ ನಾವೂ ಮನೆಗೆ ಸುಣ್ಣ ಹೊಡೆಸುತ್ತೇವೆ. ಸುಣ್ಣ ಹೊಡೆಸಿದ್ದೀವಿ ಅಂತ ಮನೆದೇವರನ್ನು ಬದಲಾಯಿಸುತ್ತೇವಾ?

ಆಗ ಊರಿಂದ ನೆಂಟರು ಬಂದರೆ ಮೂರು ಜಾಗ ತೋರಿಸಬೇಕಿತ್ತು. ವಿಧಾನಸೌಧ, ಲಾಲ್‌ಬಾಗ್, ಫೋರಂ. ಪಿವಿಆರ್‌ನಲ್ಲಿ 11 ಪರದೆ! ಒಂದೇ ಕಟ್ಟಡದಲ್ಲಿ 11 ಸಿನಿಮಾ ಅಂದರೆ ನಮ್ಮ ಸೋದರತ್ತೆ ನಂಬಲಿಲ್ಲ. ಎಸ್ಕಲೇಟರ್ ಮುಂದೆ ನಿಂತು ಸೀರೆ ನೆರಿಗೆ ಎತ್ತಿ ಹಿಡಿದುಕೊಂಡು "ಏ, ಇದು ನಿಲ್ಲೋದು ಯಾವಾಗ್ಲೋ?" ಅಂದರು. ಬಸ್ಸು ಅಂದುಕೊಂಡಿದ್ದರು ಪಾಪ. ಅವರನ್ನು ನಾನು ಕರೆದುಕೊಂಡು ಹೋಗಿದ್ದು ಫೋರಂಗೆ. ಈಗ ಫೋನ್ ಮಾಡಿ "ಅತ್ತೆ, ನಾವು ಹೋಗಿದ್ದು ನೆಕ್ಸಸ್‌ಗೆ" ಅನ್ನಲಾ?

ಒಂದು ನಿಮಿಷ. ಇನ್ನೂ ಸಬ್‌ಸ್ಕ್ರೈಬ್ ಆಗದವರು ಆಗಿಬಿಡಿ. "ಅಪ್‌ಡೇಟ್ ಆಗಲ್ಲ" ಅಂತ ಬರೆದ ಮಗ್ ಮಾಡಿಸೋಣ ಅಂತಿದ್ದೀನಿ. ಬೇಕಾದವರು ಕಾಮೆಂಟ್‌ನಲ್ಲಿ ಹೇಳಿ.

ಇನ್ನೂ ಮಜಾ ಕೇಳಿ. ಕನಕಪುರ ರಸ್ತೆಯಲ್ಲಿ ಪ್ರೆಸ್ಟೀಜ್‌ನವರ ಹೊಸ ಮಾಲ್ ಇದೆ. ಹೆಸರು ಫೋರಂ ಸೌತ್ ಬೆಂಗಳೂರು. ಅಂದರೆ ಊರೆಲ್ಲಾ ಫೋರಂ ಅನ್ನೋದು ಫೋರಂ ಅಲ್ಲ, ಫೋರಂ ಇರೋದು ಕೋಣನಕುಂಟೆ ಕಡೆ! ನನ್ನ ಗೆಳೆಯ ಅಲ್ಲಿ ಮುಕ್ಕಾಲು ಗಂಟೆ ಕಾದ. ನಾನು ಕೋರಮಂಗಲದಲ್ಲಿ ಕಾದೆ. ಇಬ್ಬರೂ ಫೋನಿನಲ್ಲಿ "ಗೇಟ್ ಹತ್ತಿರಾನೇ ಇದ್ದೀನಿ ಮಾರಾಯ" ಅಂತ ಕೂಗಾಡಿದೆವು. ಸಿನಿಮಾ ಹೋಯಿತು, ಟಿಕೆಟ್ ದುಡ್ಡೂ ಹೋಯಿತು.

ಹೆಸರಿಗೆ ಬೆಲೆ ಇಲ್ಲ ಅನ್ನುವವರು ಬ್ರಿಗೇಡ್ ರಸ್ತೆಗೆ ಹೋಗಿ. ರೆಕ್ಸ್ ಟಾಕೀಸ್ ಇದ್ದ ಜಾಗದಲ್ಲಿ ಈಗ ಫೋರಂ ರೆಕ್ಸ್ ವಾಕ್ ಇದೆ. ಟಾಕೀಸು ಹೋಯಿತು, ರೆಕ್ಸ್ ಯಾಕೆ ಉಳಿಯಿತು? ಜನ ಕರೆಯೋದೇ ಹಾಗೆ ಅಂತ ಗೊತ್ತು ಅವರಿಗೆ! ಮೆಜೆಸ್ಟಿಕ್ ವಿಷಯ ಬೇರೆ ಹೇಳಬೇಕಾ? ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟರೂ ನಮ್ಮ ಬಾಯಲ್ಲಿ ಇರೋದು ಒಂದು ಟಾಕೀಸಿನ ಹೆಸರು. ಕೆಂಪೇಗೌಡರ ಕೈಲೇ ಆಗದ್ದು ನೆಕ್ಸಸ್ ಕೈಲಿ ಆಗುತ್ತಾ?

"ಹೂಡಿಕೆದಾರರಿಗೆ ಎಲ್ಲಾ ಊರಲ್ಲೂ ಒಂದೇ ಬ್ರ್ಯಾಂಡ್ ಬೇಕು" ಅಂತ ಎಂಬಿಎ ಮಾಡಿದ ಒಬ್ಬರು ಉದ್ದಕ್ಕೆ ಬರೆದಿದ್ದಾರೆ. ನೆಕ್ಸಸ್ 2023ರಲ್ಲಿ ಷೇರುಪೇಟೆಗೂ ಬಂತಂತೆ, ರೀಟ್ ಅಂತೆ, ಅಂದರೆ ಕಟ್ಟಡಗಳ ಬಾಡಿಗೆ ದುಡ್ಡನ್ನು ಹೂಡಿಕೆದಾರರಿಗೆ ಹಂಚೋ ಟ್ರಸ್ಟ್ ಅಂತೆ, ಆಗಲೇ 14 ಊರಲ್ಲಿ 17 ಮಾಲ್ ಇದ್ದವಂತೆ. ಬಹಳ ಸಂತೋಷ. ಆ ಹೂಡಿಕೆದಾರರನ್ನು ಮಡಿವಾಳದಲ್ಲಿ ಒಂದು ಆಟೊ ಹತ್ತಿಸಿ, "ನೆಕ್ಸಸ್" ಅನ್ನಲಿ. ಮೊನ್ನೆ ಪ್ರಯೋಗ ಮಾಡಿದೆ. ಆಟೊದವರು ತಿರುಗಿ ನೋಡಿ "ಯಾವ್ ಆಸ್ಪತ್ರೆ ಸಾರ್ ಅದು?" ಅಂದರು. ಫೋರಂ ಅಂದೆ. "ಹಂಗಂತ ಹೇಳ್ಬಾರ್ದಾ!" ಅಂತ ಮೀಟರ್ ಮೇಲೆ 30 ಕೇಳಿದರು. ಅದು ಇನ್ನೊಂದು ವಿಡಿಯೊ.

ಹಾಂ, ಯಾರೋ ಕೇಳಿದ್ದಾರೆ: "ನೀವೇ ಚಾನೆಲ್ ಹೆಸರು ಎರಡು ಸಲ ಬದಲಾಯಿಸಿದ್ರಲ್ಲ?" ಅದು ಬೇರೆ. ಅದು, ಅಂದರೆ, ಆಗ 200 ಜನ ನೋಡುತ್ತಿದ್ದರು, ಯಾರಿಗೂ... ಬೇರೆ ಅಂದೆನಲ್ಲ! ಫೋರಂ ಅಂದರೆ ಫೋರಂ. ಯಾಕೆ ಅಂದರೆ ಅದು ಫೋರಂ. ಇನ್ನೇನು ಕಾರಣ ಬೇಕು ನಿಮಗೆ?

ಸರಿ, ಇವತ್ತಿಗೆ ಸಾಕು. ಗೆಳೆಯ ಮೆಸೇಜ್ ಮಾಡಿದ್ದಾನೆ. "ಏಳು ಗಂಟೆಗೆ ಫೋರಂ." ಹೊರಟೆ.

ಇರಿ, ಯಾವುದು ಅಂತ ಕೇಳಿಬಿಡುತ್ತೇನೆ.