ಸಿಎನ್‌ಎ ಪರೀಕ್ಷೆ: ತಿಳಿದ ಆರೈಕೆಯನ್ನು ಹೊಸದಾಗಿ ಕಲಿಯುವುದು

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ವಿಷಯಕ್ಕೆ ಬರುವ ಮೊದಲು ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ದಾವಣಗೆರೆಯಲ್ಲೋ ಹಾಸನದಲ್ಲೋ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೂ ಜ್ವರಕ್ಕೂ ಹೋಗುವ ಸಣ್ಣ ಖಾಸಗಿ ಆಸ್ಪತ್ರೆ. ಇಲ್ಲಿ ಅಮೆರಿಕದಲ್ಲಿ ಅದೇ ಹೆಸರು, ಓಡಾಡಲು, ಸ್ನಾನ ಮಾಡಲು, ಉಣ್ಣಲು ಇನ್ನೊಬ್ಬರ ನೆರವು ಬೇಕಾದ ಹಿರಿಯರು ತಿಂಗಳುಗಟ್ಟಲೆ, ಎಷ್ಟೋ ಸಲ ಕೊನೆಯವರೆಗೂ ವಾಸಿಸುವ ಜಾಗಕ್ಕೆ ಸಲ್ಲುತ್ತದೆ. ಅಲ್ಲಿರುವವರನ್ನು ರೋಗಿ ಎನ್ನದೆ ರೆಸಿಡೆಂಟ್, ಅಂದರೆ ನಿವಾಸಿ ಎನ್ನುವುದು ಅದಕ್ಕಾಗಿಯೇ. ಅವರು ತಮ್ಮ ಮನೆಯಲ್ಲಿದ್ದಾರೆ, ಒಳಗೆ ಹೋಗುತ್ತಿರುವವರು ನಾವು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ (ಸಿಎನ್‌ಎ), ಅಂದರೆ ಅವರನ್ನು ನೋಡಿಕೊಳ್ಳುವ ಸಹಾಯಕರ ಪರೀಕ್ಷೆಯ ಅನೇಕ ಪ್ರಶ್ನೆಗಳ ಇಂಗಿತ ತಾನಾಗಿಯೇ ತಿಳಿಯುತ್ತದೆ.

ಈ ಪರೀಕ್ಷೆಯ ಹಿಂದೆ 1987ರಲ್ಲಿ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ ನರ್ಸಿಂಗ್ ಹೋಮ್ ಸುಧಾರಣೆಯ ಕಾನೂನಿದೆ. ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಆಗಿರಬೇಕು, ಆ ಬಳಿಕ ಅವರ ಸಾಮರ್ಥ್ಯವನ್ನು ಪರೀಕ್ಷಿಸಬೇಕು ಎಂದು ಅದು ವಿಧಿಸಿತು. ಇದು ಕೆಳಮಿತಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 160 ಗಂಟೆ ಬೇಕು. ನಿವಾಸಿಯನ್ನು ಮುಟ್ಟುವ ಮೊದಲೇ ಸಂವಹನ, ಸೋಂಕು ತಡೆ, ಸುರಕ್ಷತೆ, ನಿವಾಸಿಗಳ ಹಕ್ಕು ಮುಂತಾದ ವಿಷಯಗಳಲ್ಲಿ 16 ಗಂಟೆಗಳ ಪಾಠ ಮುಗಿದಿರಬೇಕು ಎಂಬ ನಿಯಮವನ್ನು ಗಮನಿಸಿ: ಹಕ್ಕುಗಳ ಪಾಠ ಮೊದಲು, ಹಾಸಿಗೆಯ ಪಾಠ ಆಮೇಲೆ.

ಅನೇಕ ರಾಜ್ಯಗಳು ಬಳಸುವ ಎನ್‌ಎನ್‌ಎಎಪಿ (ನ್ಯಾಷನಲ್ ನರ್ಸ್ ಏಡ್ ಅಸೆಸ್‌ಮೆಂಟ್ ಪ್ರೋಗ್ರಾಂ) ಎಂಬ ಪರೀಕ್ಷೆಯ ಮಾದರಿಯಲ್ಲಿ ಎರಡು ಭಾಗಗಳಿವೆ. ಲಿಖಿತ ಭಾಗದಲ್ಲಿ 70 ಬಹುಆಯ್ಕೆಯ ಪ್ರಶ್ನೆಗಳು, ಎರಡು ಗಂಟೆ ಸಮಯ. ಅವುಗಳಲ್ಲಿ 10 ಪ್ರಶ್ನೆಗಳಿಗೆ ಅಂಕವಿಲ್ಲ, ಆದರೆ ಅವು ಯಾವುವೆಂದು ನಿಮಗೆ ತಿಳಿಯುವುದಿಲ್ಲ. ಇಂಗ್ಲಿಷ್ ಕೇಳಿದರೆ ಅರ್ಥವಾಗುತ್ತದೆ, ಓದುವುದು ಮಾತ್ರ ನಿಧಾನ ಎನ್ನುವವರು ಪ್ರಶ್ನೆಗಳನ್ನು ಓದಿ ಕೇಳಿಸುವ ಮೌಖಿಕ ಪರೀಕ್ಷೆಯನ್ನು ಆರಿಸಿಕೊಳ್ಳಬಹುದು. ಈ ಭಾಗದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಪಠ್ಯವನ್ನು ಎರಡು ಸಲ ಗಮನವಿಟ್ಟು ಓದಿದವರಿಗೆ ಅದು ಅಷ್ಟು ಕಠಿಣವಲ್ಲ.

ಎಡವುವುದು ಕೌಶಲದ ಭಾಗದಲ್ಲಿ. ಪರೀಕ್ಷಕರ ಕಣ್ಣೆದುರಿನಲ್ಲಿ ಐದು ಕೆಲಸಗಳನ್ನು ಮಾಡಿ ತೋರಿಸಬೇಕು, ಐದರಲ್ಲಿಯೂ ತೇರ್ಗಡೆಯಾಗಬೇಕು. ಅವುಗಳಲ್ಲಿ ಒಂದು ಯಾವಾಗಲೂ ಕೈ ತೊಳೆಯುವುದು. ಐವತ್ತು ವರ್ಷ ಕೈ ತೊಳೆದವರಿಗೆ ಇದರಲ್ಲಿ ಕಲಿಯಲು ಏನಿದೆ ಎಂದು ನಗಬೇಡಿ. ಸೋಪಿನ ನೊರೆಯಲ್ಲಿ ಕನಿಷ್ಠ 20 ಸೆಕೆಂಡು ಉಜ್ಜಬೇಕು, ಬೆರಳ ತುದಿಗಳು ಕೆಳಮುಖವಾಗಿರಬೇಕು, ಕೈ ಸಿಂಕಿನ ಒಳಬದಿಗೆ ತಾಗಬಾರದು, ನಲ್ಲಿಯನ್ನು ಒಣ ಪೇಪರ್ ಟವೆಲಿನಿಂದಲೇ ನಿಲ್ಲಿಸಬೇಕು. ತೊಳೆದ ಬರಿಗೈಯಿಂದ ನಲ್ಲಿ ತಿರುಗಿಸುವುದು ನಮ್ಮೆಲ್ಲರ ಅಭ್ಯಾಸ, ಅದೇ ಇಲ್ಲಿ ತಪ್ಪು. ಇನ್ನೊಂದು ಕೆಲಸ ಅಳತೆಗೆ ಸಂಬಂಧಿಸಿದ್ದು: ನಾಡಿ, ಉಸಿರಾಟ, ರಕ್ತದೊತ್ತಡ, ತೂಕ ಅಥವಾ ಮೂತ್ರದ ಪ್ರಮಾಣ. ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವಂತಿಲ್ಲ, ಪೂರ್ತಿ ಒಂದು ನಿಮಿಷ ಎಣಿಸಬೇಕು.

ಪ್ರತಿ ಕೆಲಸದಲ್ಲೂ ಕೆಲವು ಹಂತಗಳನ್ನು ನಿರ್ಣಾಯಕವೆಂದು ಗುರುತಿಸಿರುತ್ತಾರೆ. ಅಂಥ ಒಂದನ್ನು ಬಿಟ್ಟರೂ ಉಳಿದದ್ದೆಲ್ಲ ಸರಿಯಾಗಿದ್ದು ಪ್ರಯೋಜನವಿಲ್ಲ. ಲಕ್ವ ಹೊಡೆದವರಿಗೆ ಅಂಗಿ ತೊಡಿಸುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಬಲವಿರುವ ಕೈ ಮೊದಲು. ಹಾಸಿಗೆಯಿಂದ ಗಾಲಿಕುರ್ಚಿಗೆ ಕರೆತರುವ ಮುನ್ನ ಕುರ್ಚಿಯ ಬ್ರೇಕ್ ಹಾಕಿರಬೇಕು. ಕೋಣೆಯಿಂದ ಹೊರಡುವಾಗ ಕರೆಗಂಟೆ ಅವರ ಕೈಗೆಟುಕುವಂತೆ ಇರಬೇಕು, ಮಂಚ ತಗ್ಗಿರಬೇಕು.

ಇವೆಲ್ಲ ಅಭ್ಯಾಸದಿಂದ ಬರುತ್ತವೆ. ಅತ್ತೆ ಮಾವಂದಿರನ್ನು ವರ್ಷಗಟ್ಟಲೆ ನೋಡಿಕೊಂಡ ನಮ್ಮ ಹೆಣ್ಣುಮಕ್ಕಳಿಗೆ ಕಷ್ಟವಾಗುವುದು ಬೇರೆಯದೇ. ನಮ್ಮಲ್ಲಿ ಹಿರಿಯರಿಗೆ ಗೌರವವೆಂದರೆ ಅವರು ಕೈ ಎತ್ತುವ ಮೊದಲೇ ಕೆಲಸ ಮುಗಿಸಿಬಿಡುವುದು, ಮುಖ ಒರೆಸಿಬಿಡುವುದು, ತುತ್ತು ಮಾಡಿ ಬಾಯಿಗಿಡುವುದು. ಇಲ್ಲಿ ಗೌರವದ ವ್ಯಾಕರಣ ಬೇರೆ: ಬಾಗಿಲು ತಟ್ಟಬೇಕು, ನಿಮ್ಮ ಹೆಸರು ಹೇಳಬೇಕು, ಮಾಡಲಿರುವುದನ್ನು ಮುಖ ನೋಡಿ ನಿಧಾನವಾಗಿ ವಿವರಿಸಬೇಕು, ಪರದೆ ಎಳೆಯಬೇಕು, ಮತ್ತು ಅವರೇ ಮಾಡಿಕೊಳ್ಳಬಲ್ಲದ್ದನ್ನು, ಎಷ್ಟೇ ಹೊತ್ತು ಹಿಡಿದರೂ, ಅವರಿಗೇ ಬಿಡಬೇಕು. ಸ್ನಾನ ಬೇಡವೆಂದರೆ ಒತ್ತಾಯಿಸದೆ ನರ್ಸ್‌ಗೆ ತಿಳಿಸಬೇಕು. ಪ್ರೀತಿಯಿಂದ ಅಜ್ಜಿ ಎಂದು ಕರೆಯುವುದೂ ಸಲ್ಲದು. ಮಿಸೆಸ್ ಎಂದೋ ಮಿಸ್ಟರ್ ಎಂದೋ ಸೇರಿಸಿ ಅವರ ಹೆಸರನ್ನೇ ಹೇಳಬೇಕು. ಹಿರಿಯರ ಹೆಸರು ಹೇಳಲು ಹಿಂಜರಿಯುವ ನಾಲಿಗೆಗೆ ಇದು ಸಣ್ಣ ತೊಡಕಲ್ಲ. ನನಗೆ ಕೇಳಿದರೆ, ಎರಡೂ ಗೌರವವೇ. ಪರೀಕ್ಷಕರು ಅಳೆಯುವುದು ಮಾತ್ರ ಎರಡನೆಯದನ್ನು.

ಆದ್ದರಿಂದ ಮನೆಯವರೊಬ್ಬರನ್ನು ಮಂಚದ ಮೇಲೆ ಮಲಗಿಸಿ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತನಾಡುತ್ತಲೇ ಅಭ್ಯಾಸ ಮಾಡಿ. ಮನಸ್ಸಿನಲ್ಲಿಯೇ ಹೇಳಿಕೊಂಡದ್ದು ಪರೀಕ್ಷಕರಿಗೆ ಕೇಳಿಸುವುದಿಲ್ಲ. ನಡುವೆ ಹಂತವೊಂದು ತಪ್ಪಿತೆಂದು ಹೊಳೆದರೆ ಗಾಬರಿಯಾಗದೆ, ಇದನ್ನು ಸರಿಪಡಿಸುತ್ತೇನೆ ಎಂದು ಹೇಳಿ ಮಾಡಿ ತೋರಿಸಲು ಅವಕಾಶವಿದೆ. ಅನುಕ್ರಮವೇ ಮುಖ್ಯವಾದ ಹಂತಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಒಮ್ಮೆ ಫೇಲಾದರೂ ಕನಿಷ್ಠ ಮೂರು ಅವಕಾಶಗಳನ್ನು ಕೊಡಬೇಕೆಂದು ಕೇಂದ್ರ ಸರ್ಕಾರದ ನಿಯಮವೇ ಹೇಳುತ್ತದೆ.

ಹಣದ ವಿಷಯವನ್ನೂ ಕೇಳಿರಿ. ಮೆಡಿಕೇರ್ ಅಥವಾ ಮೆಡಿಕೈಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳ ಮಾನ್ಯತೆಯ ನರ್ಸಿಂಗ್ ಹೋಮಿನಲ್ಲಿ ಈಗಾಗಲೇ ಕೆಲಸವಿದ್ದರೆ ತರಬೇತಿಗೂ ಪರೀಕ್ಷೆಗೂ ನಿಮ್ಮಿಂದ ಶುಲ್ಕ ಪಡೆಯುವಂತಿಲ್ಲ. ತರಬೇತಿ ಮುಗಿಸಿದ 12 ತಿಂಗಳೊಳಗೆ ಅಂಥಲ್ಲಿ ಸೇರಿದರೆ ಖರ್ಚು ಹಂತಹಂತವಾಗಿ ಹಿಂದಿರುಗಬೇಕು. ಡಿಪೆಂಡೆಂಟ್ ವೀಸಾದಲ್ಲಿರುವವರು, ಪ್ರಮಾಣಪತ್ರ ಬೇರೆ, ಕೆಲಸದ ಪರವಾನಗಿ ಬೇರೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನೆನೆಯಬೇಕು. ತೇರ್ಗಡೆಯಾದ ಮೇಲೆ ಹೆಸರು ರಾಜ್ಯದ ರಿಜಿಸ್ಟ್ರಿಗೆ ಸೇರುತ್ತದೆ. ಸತತ 24 ತಿಂಗಳು ಸಂಬಳದ ಆರೈಕೆ ಕೆಲಸ ಮಾಡದಿದ್ದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಈಗ ಇಬ್ಬರು ಮುಂದೆ ಬನ್ನಿ. ಮೇಜಿನ ಮೇಲೆ ಗೇಟ್ ಬೆಲ್ಟ್, ಅಂದರೆ ನಿವಾಸಿಯನ್ನು ಎಬ್ಬಿಸುವಾಗ, ನಡೆಸುವಾಗ ಹಿಡಿತಕ್ಕೆಂದು ಅವರ ಸೊಂಟಕ್ಕೆ ಕಟ್ಟುವ ಪಟ್ಟಿ ಇದೆ. ಅದನ್ನು ಕಟ್ಟುವ ಮೊದಲು ಅವರಿಗೆ ಏನು ಹೇಳುತ್ತೀರಿ ಎಂಬುದರಿಂದಲೇ ಆರಂಭಿಸೋಣ.